ಐವತ್ತೇಳನೆಯ ಸಾಲು

ಮನೆಯಿಂದ,
ಗುರುವಾರ, 14 ಡಿಸೆಂಬರ್ 2023

ಪ್ರೀತಿಯ ತಂಗಿ ಗುಬ್ಬಿಗೆ,

ಹಾಗಲ್ಲ ಅಂದೆನಲ್ಲ ನಿನ್ನೆ ಫೋನಿನಲ್ಲಿ, ಅದನ್ನು ಪೂರ್ತಿ ಹೇಳುವಷ್ಟರಲ್ಲಿ ನಿನ್ನ ಆಸ್ಪತ್ರೆಯವರು ಯಾರೋ ಕರೆದರು, ನೀನು "ಆಮೇಲೆ ಮಾತಾಡ್ತೀನಿ ಅಣ್ಣಾ" ಎಂದು ಇಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ, ಬಚಾವಾದೆ ಅಂದುಕೊಂಡೆ. ಅದಿರಲಿ, ಮೊದಲು ನಿನ್ನ ಮಂಡಿ ಹೇಗಿದೆ? ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಮೂರು ತಿಂಗಳು ಡಾಕ್ಟರಿಗೆ ಮಂಡಿ ತೋರಿಸದೆ ಕುಂಟುವವಳು ನೀನೊಬ್ಬಳೇ ಇರಬೇಕು. ಕಂಪ್ಯೂಟರ್ ವಿಭಾಗ ಮೂರನೇ ಮಹಡಿಯಲ್ಲಿದ್ದರೆ ಲಿಫ್ಟಿನಲ್ಲಿ ಹೋಗು, ಮೆಟ್ಟಿಲ ಮೇಲೆ ಶೌರ್ಯ ಬೇಡ. ನಾನು ಚೆನ್ನಾಗಿದ್ದೇನೆ. ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿಸ್ ಫೈಂಡ್ಸ್ ಯೂ ಇನ್ ದಿ ಸೇಮ್... ಸೇಮ್ ಆದ ಮೇಲೆ ಇನ್ನೊಂದು ಪದವಿತ್ತು, ಇಂಗ್ಲಿಷಿನಲ್ಲಿ ಕಾಗದ ಬರೆಯಲು ಕಲಿಸಿದ ಕಾಲೇಜಿನ ಮೇಷ್ಟ್ರ ಜೊತೆಗೇ ಹೋಯಿತು.

ಪರೀಕ್ಷಿಸಿ ನೋಡು ಎಂದು ನೀನು ಬರೆದು ಕಳಿಸಿದ ಆ ಸಣ್ಣ ಪ್ರೋಗ್ರಾಂಗಳ ಜೊತೆ ಹದಿನೈದು ದಿನ ಸಂಸಾರ ಮಾಡಿದೆ. ಕಪ್ಪು ಪರದೆ, ಚಿತ್ರವಿಲ್ಲ, ಗುಂಡಿಯಿಲ್ಲ, ಮಿಣುಕುವ ಒಂದು ಗೆರೆ ಅಷ್ಟೇ. ತಾರೀಖು ಟೈಪ್ ಮಾಡಿ, ಎಷ್ಟು ದಿನ ಕೂಡಿಸಬೇಕೋ ಅದನ್ನೂ ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಳಗೆ ಉತ್ತರ. "ಮೌಸ್ ಮುಟ್ಟಬೇಡ ಅಣ್ಣಾ, ಅದಕ್ಕಿಲ್ಲಿ ಕೆಲಸ ಇಲ್ಲ" ಅಂದೆಯಲ್ಲ, ನಾನು ಅದನ್ನು ಕಿತ್ತು ಕಪಾಟಿಗೆ ಹಾಕಿ ಬೀಗ ಜಡಿದೆ. ಒಂದು ಪ್ರೋಗ್ರಾಂ ವಾರ ಹೇಳುತ್ತದೆ, ಒಂದು ಮುಂದಿನ ತಾರೀಖು ಹೇಳುತ್ತದೆ, ಇನ್ನೊಂದು ಎಲ್ಲವನ್ನೂ ಒಟ್ಟಿಗೆ ಓಡಿಸಿ, ನಾನು ಬರೆದುಕೊಟ್ಟ ಉತ್ತರದ ಪಟ್ಟಿಯ ಜೊತೆ ತಾಳೆ ನೋಡಿ, ಸಾಲುಸಾಲಿಗೂ 'ಸರಿ' ಅಥವಾ 'ತಪ್ಪು' ಅನ್ನುತ್ತದೆ. ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನಿಗೆ ಇದಕ್ಕಿಂತ ಗೌರವ ಬೇಕೆ? ಮಂಚದ ಕೆಳಗಿನ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಹರಡಿಕೊಂಡು, ಪ್ರೆಸ್ಸಿನವರಿಂದ ಬರುವ ವರ್ಷದ್ದನ್ನೂ ಕಾಡಿಬೇಡಿ ತಂದು, ನೂರಿಪ್ಪತ್ತು ಸಾಲು ಬರೆದೆ. ನಿನ್ನ ಅತ್ತಿಗೆ ಇದ್ದಿದ್ದರೆ "ನಿಮ್ಮಣ್ಣ ಅಚ್ಚಿನ ತಪ್ಪು ಹಿಡೀತಾರೆ, ಅಡುಗೇಲಿ ಉಪ್ಪಿಲ್ಲ ಅಂದ್ರೆ ಗೊತ್ತಾಗಲ್ಲ" ಎಂದು ನಿನಗೆ ಚಾಡಿ ಹೇಳುತ್ತಿದ್ದಳು.

ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು, ನೀನು ಬಂದು ಹೋಗಿಯೂ ಅಷ್ಟೇ. ಭಾನುವಾರ ನೀನು ಹೇಳಿದ್ದು ಒಂದೊಂದು ಅಕ್ಷರವೂ ನೆನಪಿದೆ: "ನೂರಿಪ್ಪತ್ತೂ ಸರಿ ಅಂತ ಬಂದ್ರೆ ಬರೋ ಸೋಮವಾರ ಚುಚ್ಚುಮದ್ದಿನ ವಿಭಾಗಕ್ಕೆ ಕೊಟ್ಟುಬಿಡ್ತೀನಿ, ಮಂಗಳವಾರ ಬಸ್ಸು ಹತ್ತುತೀನಿ. ಒಂದು ತಪ್ಪು ಬಂದ್ರೂ ರಜಾ ಇಲ್ಲ ನೋಡು." ಅವತ್ತೇ ಒಳಗಿನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಹೊಸ ಬಲ್ಬು ಹಾಕಿಸಿದೆ. ನಿನ್ನೆ "ಎಲ್ಲಾ ಸರಿ" ಎಂದು ನಾನು ಹೇಳಿದಾಗ ನೀನು ನಕ್ಕು, "ನಮ್ಮಣ್ಣ ನೋಡಿದ ಮೇಲೆ ನಾನು ಇನ್ನೊಂದು ಸಲ ನೋಡಲ್ಲಪ್ಪ" ಅಂದೆ. ಆಗಲೇ ನಾನು ಹಾಗಲ್ಲ ಅಂದದ್ದು. ಇವತ್ತು ಬೆಳಿಗ್ಗೆ ಎದ್ದವನೇ ಮತ್ತೆ ಆ ಕಪ್ಪು ಪರದೆಯ ಮುಂದೆ ಕೂತೆ.

ಪ್ರೆಸ್ಸಿನಲ್ಲಿ ನಮಗಿದ್ದದ್ದು ಒಂದೇ ಮಹಾಪಾಪ, ಅಚ್ಚಾಗಿ ಬಂದ ಕರಡಿನೊಂದಿಗೆ ಹೊಂದಲಿ ಎಂದು ಮೂಲಪ್ರತಿಯನ್ನೇ ತಿದ್ದುವುದು. ಹಾಗೆ ಮಾಡಿದ ಒಬ್ಬನನ್ನು ನಾನೇ ಮಾಲೀಕರ ಮುಂದೆ ಕೊಂಡೊಯ್ದು ನಿಲ್ಲಿಸಿದ್ದೆ. ಐವತ್ತು ದಾಟಿದವನು. ಹೆಂಡತಿಗೆ ಜ್ವರ, ಬೇಗ ಮನೆಗೆ ಹೋಗಬೇಕಿತ್ತಂತೆ. ಹೊರಡುವಾಗ, "ನಿಮಗೂ ಒಂದಿನ ಆತುರ ಬರುತ್ತೆ ಬಿಡಿ" ಅಂದ. ಅವನದು ಮನೆಗೆ ಹೋಗುವ ಆತುರ. ನನಗೆ ಬಂದದ್ದು, ಮನೆಗೆ ಯಾರಾದರೂ ಬರಲಿ ಎಂಬುದು. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು... ಬೆಗ್ ಟು ಏನೋ ಒಂದು. ಬೆಳಕು ಹೋಗುತ್ತಿದೆ ಗುಬ್ಬಿ, ಈಗ ಗಮನಿಸಿದೆ, ಅಕ್ಷರ ಗೆರೆಯ ಮೇಲೆ ಕೂರುತ್ತಿಲ್ಲ. ನಿಲ್ಲಿಸುತ್ತೇನೆ. ಹೊತ್ತುಹೊತ್ತಿಗೆ ಉಣ್ಣು, ನಿನಗೆ ಯಾವ ಕೊರತೆಯೂ ಬಾರದಿರಲಿ.

ನಿನ್ನ ಅಣ್ಣ

ತಾ.ಕ.: ಐವತ್ತೇಳನೆಯ ಸಾಲು ನೋಡು. ಬರುವ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ, ಹಾಗಾಗಿ ಜನವರಿ ಮೂವತ್ತೊಂದಕ್ಕೆ ಮೂವತ್ತು ದಿನ ಕೂಡಿಸಿದರೆ ಮಾರ್ಚ್ ಒಂದು. ಮೊದಲು ನಾನು ಬರೆದದ್ದೂ ಅದೇ. ಪ್ರೋಗ್ರಾಂ ಮಾರ್ಚ್ ಎರಡು ಎಂದಿತು, 'ತಪ್ಪು' ಬಂತು. ನಾನು ನನ್ನ ಪಟ್ಟಿಯನ್ನು ಎರಡು ಎಂದು ತಿದ್ದಿದೆ, 'ಸರಿ' ಬಂತು. ಇವತ್ತು ಹತ್ತಾರು ತಾರೀಖು ಹಾಕಿ ನೋಡಿದೆ: ಫೆಬ್ರವರಿಯಿಂದ ಹೊರಟರೆ ಇಪ್ಪತ್ತೊಂಬತ್ತನ್ನು ಎಣಿಸುತ್ತದೆ, ಜನವರಿಯಿಂದ ಹೊರಟರೆ ನುಂಗಿಬಿಡುತ್ತದೆ. ಮೂವತ್ತು ದಿನಕ್ಕೊಮ್ಮೆ ಚುಚ್ಚುಮದ್ದು ಬೇಕಾದವರನ್ನು ಅದು ಒಂದು ದಿನ ತಡವಾಗಿ ಕರೆಯುತ್ತದೆ. ಸೋಮವಾರ ಕೊಡಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಇದನ್ನು ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ, ಸಂಜೆಗೆ ನಿನಗೆ ಸಿಗುತ್ತದೆ. ಮಂಗಳವಾರದ ಟಿಕೆಟ್ ರದ್ದು ಮಾಡು.