ವೀಸಾ ಕಚೇರಿಯಲ್ಲಿ ಅಪ್ಪನನ್ನು ಕರೆದರು

ಅಪ್ಪನಿಗೆ ನಮಸ್ಕಾರ.

ಇಂದು ವೀಸಾ ಕಚೇರಿಯಲ್ಲಿ ನಿಮ್ಮನ್ನು ಕರೆದರು. ಇಷ್ಟು ವರ್ಷದ ಸಂಸಾರದಲ್ಲಿ ಅಮ್ಮ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರನ್ನು ಕೌಂಟರಿನ ಹೆಂಗಸು ಮೈಕಿನಲ್ಲಿ ಕೂಗಿದಾಗ, ನೀವೇ ಬಂದಿರೇನೋ ಎಂದು ನಾನು ಎದ್ದು ನಿಂತು ಬಾಗಿಲ ಕಡೆ ನೋಡಿದೆ! ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಕೊನೆಗೆ ನಿಮ್ಮ ಹೆಸರಿದೆಯಲ್ಲ, ಈ ದೇಶದಲ್ಲಿ ಅದನ್ನೇ ಹಿಡಿದು ಕರೆಯುತ್ತಾರೆ. ನನ್ನ ವೀಸಾ ಇಂದಿಗೇ ಮುಗಿಯುತ್ತಿತ್ತು, ಸರದಿ ತಪ್ಪಿದ್ದರೆ ನಾಳೆಯೇ ಊರಿಗೆ ಗಂಟುಮೂಟೆ ಕಟ್ಟಬೇಕಿತ್ತು. ಎರಡನೇ ಸಲ ಕೂಗಿದಾಗ ಓಡಿಹೋಗಿ, "ಅದು ನಮ್ಮಪ್ಪ" ಎಂದೆ.

"ಅವರೆಲ್ಲಿ?"

"ಮನೇಲಿದಾರೆ."

"ಮತ್ತೆ ನೀವ್ಯಾಕೆ ಬಂದ್ರಿ?" ಎಂದವಳು ಪಾಸ್‌ಪೋರ್ಟ್ ತೆರೆದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಮುದ್ರೆ ಒತ್ತಿದಳು, ಪುಣ್ಯಾತ್ಗಿತ್ತಿ.

ವೆಲ್ಡಿಂಗ್ ಶೆಡ್ಡಿನಲ್ಲಿ ಹೊಸ ಕನ್ನಡಕ ಕೊಟ್ಟಿದ್ದಾರೆ, ಕಣ್ಣುರಿ ಈಗಿಲ್ಲ. ಅಮ್ಮನಿಗೆ ಮರೆಯದೆ ಹೇಳಿ.

ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ, ಇನ್ನೊಂದೇ ಮಾತು. ಅಕ್ಕನ ಮನೆಯಲ್ಲೂ ಒಂದು ರಾತ್ರಿ ತಂಗದೆ ಕೊನೇ ಬಸ್ಸು ಹಿಡಿದು ಬರುವವರು ನೀವು. ನಿಮ್ಮ ಹೆಸರಿಗೆ ಇಲ್ಲಿ ಇನ್ನೆರಡು ವರ್ಷ ಇರಲು ಅಪ್ಪಣೆ ಸಿಕ್ಕಿದೆ.

ನಿಮ್ಮ ಮಗ