ಎರಡು ಪದರದ ಗಾಜು

ಮಾರ್ಚ್ ೧೪, ಗುರುವಾರ

ಅಮ್ಮನ ಕಟ್ಟಿದ ಗಂಟಲು ಇನ್ನೂ ಬಿಟ್ಟಿಲ್ಲ.

ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದರೆ ಹಗಲೆಲ್ಲ ಹಾರ್ನ್. ತಲೆ ಚಿಟ್ಟು ಹಿಡಿದು, ಬಾಲ್ಕನಿ ಬಾಗಿಲಿಗೆ ಎರಡು ಪದರದ ಗಾಜು ಹಾಕಿಸಿದ್ದೆ. ಇವತ್ತು ಹೆಣದಂತೆ ಮಲಗಿದ್ದೆ. ಬಟ್ಟೆ ಒಣಹಾಕಲು ಹೋದ ಅಮ್ಮನ ಹಿಂದೆ ಆ ಹಾಳು ಬಾಗಿಲು ತಾನಾಗಿ ಲಾಕ್ ಆಗಿದೆ. ಸಂಜೆ ಎದ್ದು ನೋಡಿದರೆ, ಉರಿಬಿಸಿಲಿಗೆ ಬಾಡಿ, ಒಣಹಾಕಿದ್ದ ಬೆಡ್‌ಶೀಟ್ ಹೊದ್ದು, ಗಾಜಿಗೊರಗಿ ಕುಳಿತಿದ್ದಳು.

“ಕೂಗೋದಲ್ವೇನಮ್ಮಾ?”

“ರಸ್ತೆ ಕಡೆ ಕೂಗಿ ಕೂಗಿ ಸಾಕಾಯ್ತು. ಆ ಗಲಾಟೇಲಿ ಯಾರಿಗೆ ಕೇಳ್ಸುತ್ತೆ? ಬಾಗಿಲು ಜೋರಾಗಿ ಬಡೀಲಿಲ್ಲ ಕಣೇ. ಎಷ್ಟೋ ದಿನಕ್ಕೆ ನೀನು ಕಣ್ಣು ಮುಚ್ಚಿದ್ದೆ.”

ಆಸ್ಪತ್ರೆಗೆ ರಜೆ ಹೇಳಿ, ನಿದ್ದೆ ಹೋಗಿರುವ ಅವಳ ಪಕ್ಕ ಕುಳಿತಿದ್ದೇನೆ. ಬಾಗಿಲು ಮುಚ್ಚಲು ಮನಸ್ಸು ಬರಲಿಲ್ಲ. ಲಾರಿಗಳ ಸದ್ದಿನಲ್ಲಿ ಅವಳ ಉಸಿರು ಕೇಳಿಸುತ್ತಿಲ್ಲ. ಮತ್ತೆ ಮತ್ತೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೇನೆ.