ನಮ್ಮ ಅಂಗಡಿಯ ಇಮೇಲಿಗೆ ಕಿವಿ ಮೂಡಿದ್ದು

ಅಂಗಡಿಯ ಹಿಂದಿನ ಬಟ್ಟೆ ಮಡಚುವ ಕೋಣೆ
ಮಾರ್ಚ್ ೧೨, ಬುಧವಾರ, ಮಧ್ಯಾಹ್ನ

ಪ್ರೀತಿಯ ಗಿರಗಿಟ್ಲೆ,

ಹೇಗಿದ್ದೀಯೆ? ಹಡಗಿನ ತೂಗಾಟಕ್ಕೆ ಹೊಟ್ಟೆ ಒಗ್ಗಿತೋ, ಇಲ್ಲ ಈಗಲೂ ನರ್ಸಮ್ಮನೇ ಮೊದಲು ವಾಂತಿ ಮಾಡಿಕೊಂಡು ಆಮೇಲೆ ಉಳಿದವರಿಗೆ ಮಾತ್ರೆ ಹಂಚುತ್ತಾಳೋ? ಊರವರ ಜ್ವರ ನೋಡುವ ಭರದಲ್ಲಿ ನಿನ್ನ ಊಟ ಮರೆಯಬೇಡ. ತಲೆ ಒದ್ದೆ ಇಟ್ಟುಕೊಂಡು ಗಾಳಿಗೆ ನಿಲ್ಲಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ಗೊಣಗುತ್ತದೆ, ಅದು ಅದರ ಸ್ವಭಾವ. ಎರಡು ಬೆರಳಲ್ಲಿ ಟಕಟಕ ಇಮೇಲ್ ಕುಟ್ಟುವ ಅಮ್ಮ ಕಾಗದ ಬರೆದಿದ್ದಾಳೆ ಅಂದರೆ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಇದು ಇಮೇಲಿನಿಂದಲೇ ಹುಟ್ಟಿದ ವಿಷಯ. ಅದನ್ನು ಇಮೇಲಿನಲ್ಲೇ ಬರೆದರೆ ಕುರಿ ಕಾಯಲು ತೋಳನನ್ನು ಬಿಟ್ಟ ಹಾಗೆ. ಮುಂದಿನ ಬಂದರಿನಲ್ಲಿ ಕಂಪನಿಯವರು ಕಾಗದ ಕೈಗೆ ಕೊಡುತ್ತಾರೆ ಅಂದಿದ್ದೆಯಲ್ಲ, ಆ ವಿಳಾಸಕ್ಕೇ ಹಾಕುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನೀನು ಹಡಗು ಹತ್ತಿದ ಮೇಲೆ ನಿನ್ನ ಅಪ್ಪ ಮೆಲ್ಲಗೆ ಮಾತು ಕಡಿಮೆ ಮಾಡಿದರು. ಮಗಳು ದೂರವಾದ ಬೇಸರ, ತಾನೇ ಸರಿಹೋಗುತ್ತದೆ ಅಂದುಕೊಂಡೆ. ಸರಿಹೋಗಲಿಲ್ಲ. ಅವರು ಇಸ್ತ್ರಿ ಮೇಜಿನ ಹತ್ತಿರ ನಿಂತಿರುವಾಗ "ಹೋಟೆಲಿನ ಚಾದರ ಆಯ್ತಾ?" ಅಂತ ಹಿಂದಿನಿಂದ ಕೇಳಿದರೆ ಬೆನ್ನು ಹಾಕಿಕೊಂಡೇ ಇಸ್ತ್ರಿ ಒತ್ತುತ್ತಿದ್ದರು. ಇನ್ನೊಂದು ಸಲ ಜೋರಾಗಿ ಕೇಳಿದರೆ "ಯಾಕೆ ಹಾಗೆ ಕಿರುಚ್ತೀಯ?" ಅಂತ ನನ್ನ ಮೇಲೇ ಸಿಡುಕು. ಊಟಕ್ಕೆ ಕೂತಾಗ ಏನು ಹೇಳಿದರೂ ಒಂದೇ ನಗು, ಒಂದೇ ತಲೆಯಾಟ. ನನ್ನ ಚಿಕ್ಕಮ್ಮ ಆಸ್ಪತ್ರೆ ಸೇರಿದ ಸುದ್ದಿ ಹೇಳಿದೆ, ಅದಕ್ಕೂ ನಕ್ಕು ತಲೆಯಾಡಿಸಿದರು. ಇಷ್ಟು ವರ್ಷ ಒಂದೇ ಹಬೆಯಲ್ಲಿ ಬೆಂದ ಗಂಡನಿಗೆ ಈಗ ನನ್ನ ಮಾತು ಬೇಡವಾಯಿತು ಅನ್ನಿಸಿತು. ನಿನಗೆ ಬರೆಯಲು ಮನಸ್ಸಾಗಲಿಲ್ಲ, ಸಮುದ್ರದ ನಡುವೆ ಕೂತ ನೀನು ತಾನೇ ಏನು ಮಾಡಬಲ್ಲೆ. ನಾನೂ ಮಾತು ಬಿಟ್ಟೆ. ಅಂಗಡಿಯಲ್ಲಿ ಬಟ್ಟೆ ಒಗೆಯುವ ಯಂತ್ರ ಒಂದೇ ಮಾತಾಡುತ್ತಿತ್ತು.

ಆಗ ಶುರುವಾಯಿತು ಕಿವಿಯ ಕಾಟ. ನಮ್ಮ ಮನೆಗೆಲ್ಲ ಒಂದೇ ಇಮೇಲ್ ಎಂಬುದು ನಿನಗೆ ಗೊತ್ತೇ ಇದೆ. ರಸೀದಿಯ ಮೇಲೆ ಅಚ್ಚಾಗಿರುವುದೂ ಅದೇ, ನಿನಗೆ ಬರೆಯುವುದೂ ಅದರಿಂದಲೇ. ಬೇರೆ ಬೇರೆ ಮಾಡಿಕೊಳ್ಳಿ ಅಂತ ನೀನು ಬಡಿದುಕೊಂಡರೂ ನಿನ್ನ ಅಪ್ಪ "ಒಂದು ಮನೆಗೆ ಎರಡು ಬಾಗಿಲು ಯಾಕೆ?" ಅಂದುಬಿಟ್ಟಿದ್ದರು. ಗಿರಾಕಿಗಳಿಗೆ ತಮ್ಮ ಬಿಲ್ಲು ಕಾಣಲಿ ಎಂದು ಕಂಪ್ಯೂಟರಿನ ಮುಖವನ್ನು ಅರ್ಧ ಬೀದಿಯ ಕಡೆಗೆ ತಿರುಗಿಸಿ ಇಟ್ಟಿದ್ದೂ ಅವರೇ. ಮೊದಲೆಲ್ಲ ಇಮೇಲಿನ ಪಕ್ಕದಲ್ಲಿ ಸೋಪಿನ ಪುಡಿ, ಗುಂಡಿ, ಹ್ಯಾಂಗರುಗಳ ಜಾಹೀರಾತು ಬರುತ್ತಿದ್ದವು. ಒಂದು ಬೆಳಿಗ್ಗೆ ನೋಡಿದರೆ ಕಿವಿ. ಮೇಲೊಂದು ಕಿವಿ, ಕೆಳಗೊಂದು ಕಿವಿ. ಕಡಲೆಕಾಳಿನಷ್ಟು ಚಿಕ್ಕ ಶ್ರವಣಯಂತ್ರ, ಮೈಬಣ್ಣದ್ದು, ಯಾರಿಗೂ ಕಾಣದ್ದು. ಸೋಪಿನ ಬಿಲ್ಲು ತೆರೆದರೂ ಕಿವಿ, ನಿನ್ನ ಫೋಟೊ ತೆರೆದರೂ ಪಕ್ಕದಲ್ಲೊಂದು ಕಿವಿ. ಮೂಲೆಯ ಹಲ್ಲಿನ ಡಾಕ್ಟರಮ್ಮ ತನ್ನ ಬಿಳಿ ಕೋಟು ಒಯ್ಯಲು ಬಂದವಳು ಅದನ್ನು ಕಣ್ಣರಳಿಸಿ ನೋಡಿದಳು. ಮುಂದಿನ ಸಲ ಬಂದಾಗ ಕೌಂಟರಿನ ಮೇಲೆ ಬಾಗಿ, ನನ್ನ ಮೂಗಿನ ಹತ್ತಿರ ಬಾಯಿ ತಂದು, "ಕೋಟು, ರೆಡಿ, ಇದೆಯಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನಾನು "ನಂಗೆ ಚೆನ್ನಾಗೇ ಕೇಳ್ಸುತ್ತೆ" ಅಂದರೆ ಪಾಪ ಒಪ್ಪಿಕೊಳ್ಳುತ್ತಿಲ್ಲ ಎಂಬಂತೆ ನನ್ನ ಕೈ ತಟ್ಟಿದಳು. ಅಂದಿನಿಂದ ನಮ್ಮ ಬೀದಿಯ ಅರ್ಧ ಜನ ನನ್ನ ಹತ್ತಿರ ಕೈಸನ್ನೆಯಲ್ಲೇ ಮಾತಾಡುತ್ತಾರೆ.

ಎದುರಿನ ಮೊಬೈಲ್ ರಿಪೇರಿಯವನನ್ನು ಕರೆದು ತೋರಿಸಿದೆ. ಯಂತ್ರಕ್ಕೆ ಏನೋ ಹುಳ ಹೊಕ್ಕಿದೆ ಅಂದುಕೊಂಡಿದ್ದೆ. ಅವನು ನಕ್ಕ. "ಹುಳ ಅಲ್ಲ ಆಂಟಿ. ನೀವು ಏನು ಹುಡುಕ್ತೀರೋ, ಏನು ಬರೀತೀರೋ, ಅದರ ವಾಸನೆ ಹಿಡಿದು ಅಂಗಡಿಯವರು ಬಾಗಿಲಿಗೆ ಬರ್ತಾರೆ. ನಿಮ್ಮನೇಲಿ ಯಾರೋ ಕಿವಿ ಬಗ್ಗೆ ಕೇಳಿದಾರೆ." ಅವನು ಹೋದ ಮೇಲೆ ನಾನು ಲೆಕ್ಕ ಹಾಕಿದೆ. ಮನೆಯಲ್ಲಿರುವುದು ಇಬ್ಬರು. ಕೇಳಿದವಳು ನಾನಲ್ಲ. ಬೆನ್ನು ಹಾಕಿಕೊಂಡು ನಿಂತದ್ದು, ಚಿಕ್ಕಮ್ಮನ ಸುದ್ದಿಗೆ ನಕ್ಕದ್ದು, ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ನಿಜ ಹೇಳಲೇ ಮಗಳೇ, ದುಃಖಕ್ಕಿಂತ ಮೊದಲು ನನಗೆ ಸಂತೋಷವಾಯಿತು. ಅವರಿಗೆ ನಾನು ಬೇಡವಾಗಿರಲಿಲ್ಲ, ನಾನು ಕೇಳಿಸುತ್ತಿರಲಿಲ್ಲ ಅಷ್ಟೆ. ಗಂಡನಿಗೆ ಕಿವಿ ಮಂದವಾಯಿತೆಂದು ಹಿಗ್ಗಿದ ಹೆಂಡತಿ ನಾನೊಬ್ಬಳೇ ಇರಬೇಕು. ಆಮೇಲೆ ಸಿಟ್ಟೂ ಬಂತು. ನನ್ನ ಗಂಡನ ಕಿವಿಯ ಸುದ್ದಿ ಎಲ್ಲೋ ಕುಳಿತ ಶ್ರವಣಯಂತ್ರದ ವ್ಯಾಪಾರಿಗೆ ಗೊತ್ತು, ಹಲ್ಲಿನ ಡಾಕ್ಟರಮ್ಮನಿಗೆ ಅರ್ಧಂಬರ್ಧ ಗೊತ್ತು, ಪಕ್ಕದಲ್ಲಿ ಮಲಗುವ ನನಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗಬೇಕೇ?

ಅವರು ಯಾರಿಗೆ ಬರೆದಿದ್ದರು ಎಂದು ಊಹಿಸಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಮನೆಯಲ್ಲಿ ನರ್ಸು ಇರುವುದು ಒಬ್ಬಳೇ. ಕಳಿಸಿದ ಪತ್ರಗಳನ್ನು ತೆರೆದು ನೋಡಲು ಒಂದು ಒತ್ತು ಸಾಕಿತ್ತು, ಕೈ ಅಲ್ಲಿಯವರೆಗೆ ಹೋಗಿತ್ತು ಕೂಡ. ಆದರೆ ಈ ಅಂಗಡಿ ಹಾಕಿದ ದಿನದಿಂದ ನಾವು ಪಾಲಿಸಿಕೊಂಡು ಬಂದ ಒಂದು ನಿಯಮವಿದೆಯಲ್ಲ. ಒಗೆಯಲು ಹಾಕುವ ಮುಂಚೆ ಜೇಬು ತಡವಬೇಕು, ಸಿಕ್ಕಿದ್ದನ್ನು ಬಿಡಿಸಿ ನೋಡದೆ ಕವರಿಗೆ ಹಾಕಿ ಅಂಟಿಸಬೇಕು, ಹ್ಯಾಂಗರಿಗೆ ಸಿಕ್ಕಿಸಬೇಕು. ಎಷ್ಟು ಚೀಟಿ, ಎಷ್ಟು ಔಷಧದ ಪಟ್ಟಿ, ಎಷ್ಟು ಜನರ ಒಡೆದ ಪ್ರೇಮ ನಮ್ಮ ಕೈ ದಾಟಿ ಹೋಗಿದೆ. ಒಂದು ಮಾತೂ ಈ ಬಾಗಿಲು ದಾಟಿಲ್ಲ. ಊರವರ ಜೇಬಿಗೆ ಕೊಟ್ಟ ಮರ್ಯಾದೆಯನ್ನು ಸ್ವಂತ ಗಂಡನಿಗೆ ಕೊಡದಿದ್ದರೆ ಹೇಗೆ? ತೆರೆಯಲಿಲ್ಲ. ನಿನ್ನ ಮೇಲೂ ನನಗೆ ಕೋಪವಿಲ್ಲ. ಅಪ್ಪ ನಂಬಿ ಹೇಳಿದ್ದನ್ನು ಅಮ್ಮನಿಗೂ ಬಿಟ್ಟುಕೊಡದ ಮಗಳನ್ನು ಹೆತ್ತೆನಲ್ಲ ಎಂದು ಒಳಗೊಳಗೇ ಬೀಗಿದ್ದೇನೆ.

ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೈಕಟ್ಟಿ ಕೂರಲೂ ಇಲ್ಲ. ಹಿಂದಿನಿಂದ ಮಾತಾಡಿಸುವುದನ್ನು ಬಿಟ್ಟೆ. ಏನಾದರೂ ಹೇಳುವುದಿದ್ದರೆ ಹಬೆ ನಿಲ್ಲಿಸಿ, ಎದುರಿಗೆ ಹೋಗಿ ನಿಂತು ಹೇಳುತ್ತೇನೆ. ಯಾವ ಕಡೆಯಿಂದ ಹೇಳಿದರೆ ಬೇಗ ತಿರುಗುತ್ತಾರೆಂದು ನೋಡಿ ನೋಡಿ ಬಲಗಡೆ ಎಂದು ಕಂಡುಕೊಂಡೆ. ಊಟಕ್ಕೂ ಬಲಕ್ಕೇ ಕೂರುತ್ತೇನೆ, ಕಿಟಕಿಯ ಗಾಳಿ ಬೇಕು ಎಂದು ಸುಳ್ಳು ಹೇಳಿ. ಬಟ್ಟೆ ಹಾಕಿ ನೋಡುವ ಗಿರಾಕಿಗಳ ದೊಡ್ಡ ಕನ್ನಡಿಯನ್ನು ತಂದು ಇಸ್ತ್ರಿ ಮೇಜಿನ ಎದುರು ತೂಗುಹಾಕಿಸಿದೆ, ಬಾಗಿಲಿಗೆ ಯಾರು ಬಂದರೂ ನಿನ್ನ ಅಪ್ಪನಿಗೆ ಕಾಣುತ್ತದೆ. ಅವರು ಬಹಳ ಹೊತ್ತು ಕನ್ನಡಿ ನೋಡಿ "ಒಳ್ಳೇ ಜಾಗ" ಅಂದರು. ಚಿಕ್ಕಮ್ಮನ ಸುದ್ದಿಯನ್ನೂ ಎದುರು ನಿಂತು ಇನ್ನೊಮ್ಮೆ ಹೇಳಿದೆ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು, ಸಂಜೆಯೇ ಇಬ್ಬರೂ ಹೋಗಿ ನೋಡಿ ಬಂದೆವು. ಈಗ ನಮ್ಮ ಮನೆಯಲ್ಲಿ ಮಾತು ಮರಳಿ ಬಂದಿದೆ. ನನ್ನ ಅಡುಗೆಗೆ ಹೆಸರಿಟ್ಟು ಕಾಡಿಸುವುದೂ ಶುರುವಾಗಿದೆ, ಅಂದರೆ ಎಲ್ಲ ಕ್ಷೇಮ ಎಂದೇ ಲೆಕ್ಕ.

ಆದರೆ ನನ್ನದೊಂದು ಪೆದ್ದುತನ ಕೇಳು. ಕಿವಿ ಮಂದವಾದವರ ಜತೆ ಹೇಗೆ ಮಾತಾಡಬೇಕು ಎಂದು ಅದೇ ಕಂಪ್ಯೂಟರಿನಲ್ಲಿ ಹುಡುಕಿಬಿಟ್ಟೆ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಯಿತು. ಮರುದಿನ ಸೋಪಿನ ಬಿಲ್ಲಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, "ನಿಮ್ಮ ಯಜಮಾನರಿಗೆ ಕೇಳಿಸುತ್ತಿಲ್ಲವೇ?" ಅದರ ಮುಂದೆ ನಿನ್ನ ಅಪ್ಪ, ಕನ್ನಡಕ ಹಣೆಗೇರಿಸಿಕೊಂಡು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವರು ಎಡಗಿವಿ ಮುಟ್ಟಿ ನೋಡಿಕೊಂಡರು. ನಾನು ಅಂಗಿಗಳ ಸಾಲಿನ ಹಿಂದೆ ಅಡಗಿ ನಿಂತಿದ್ದೆ. ಕಂಪ್ಯೂಟರಿನ ಮುಖವನ್ನು ಬೀದಿಯ ಕಡೆಯಿಂದ ಒಳಕ್ಕೆ ತಿರುಗಿಸಿ ಹೋದರು. ಅದಾದ ಮೇಲೆ ಬಂದ ಜಾಹೀರಾತು ಶುಭಾಶಯ ಪತ್ರಗಳದ್ದು: "ಹೆಂಡತಿಗೆ ಹೇಳಲಾಗದ ಮಾತಿಗೆ ನಮ್ಮಲ್ಲೊಂದು ಕಾರ್ಡ್ ಇದೆ." ಅವರು ಏನು ಹುಡುಕಿದ್ದರೆಂದು ನೀನೇ ಊಹಿಸು. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದುಕೊಂಡು ಜಾಹೀರಾತುಗಳ ಕೈಯಲ್ಲಿ ಹೇಳಿಕಳಿಸುವುದನ್ನು ನಾನು ಎಲ್ಲೂ ಕೇಳಿಲ್ಲ.

ನನಗೆ ಗೊತ್ತಾಗಿದೆ ಎಂದು ಈಗ ಅವರಿಗೆ ಗೊತ್ತು, ಅದು ನನಗೂ ಗೊತ್ತು. ಆದರೂ ನಾನಾಗಿ ಕೇಳುವುದಿಲ್ಲ. ಯಂತ್ರ ತಿರುಗುವ ಸದ್ದು ಕೇಳಿಯೇ ಒಳಗೆ ಒಂದು ಗುಂಡಿ ಬಿಚ್ಚಿಹೋಗಿದೆ ಎಂದು ಹೇಳುತ್ತಿದ್ದ ಮನುಷ್ಯ ಅವರು. ಆ ಕಿವಿ ಹೋದರೆ ತಮ್ಮನ್ನು ಕೌಂಟರಿನಲ್ಲಿ ಗೊಂಬೆಯ ಹಾಗೆ ಕೂರಿಸುತ್ತೇನೆಂಬ ಭಯವಿರಬೇಕು. ಕೂರಿಸುವುದಿಲ್ಲ, ಆದರೆ ಅದನ್ನು ಹೇಳಲು ಅವರು ಮೊದಲು ಬಾಯಿ ತೆರೆಯಬೇಕಲ್ಲ. ಯಾರೋ ಎತ್ತಿ ತಂದ ಗುಟ್ಟು ನನಗೆ ಬೇಡ. ಅವರು ತಾವಾಗಿ ಕೊಟ್ಟದ್ದು ಬೇಕು. ಅಷ್ಟು ಆಸೆ ಪಡುವುದು ತಪ್ಪೇ? ನೀನು ಅವರಿಗೆ ನಡುವೆ ಏನೂ ಸೂಚನೆ ಕೊಡಬೇಡ. ಅವರಿಗೆ ಬರೆಯುವುದಿದ್ದರೆ ಕಾಗದದಲ್ಲಿ ಬರೆ, ಅವರ ಕೈಗೇ ಕೊಡುತ್ತೇನೆ, ಒಳಗೇನಿದೆ ಎಂದು ಕೇಳುವುದಿಲ್ಲ.

ಹಡಗಿನ ಅಡುಗೆಯವನಿಗೆ ನನ್ನ ನೆನಪು ಹೇಳು, ನಿನ್ನ ಕೋಣೆಯ ಗೊರಕೆ ಗೆಳತಿಗೂ ಹೇಳು. ಅಪ್ಪ ಹೋಟೆಲಿಗೆ ಚಾದರ ಕೊಟ್ಟು ಈಗಷ್ಟೇ ಬಂದರು, ಯಂತ್ರ ಶುರು ಮಾಡಿದ್ದಾರೆ. ಎಲ್ಲಿದ್ದರೂ ನಿನ್ನ ಕಾಲ ಕೆಳಗಿನ ಹಲಗೆ ಗಟ್ಟಿಯಾಗಿರಲಿ, ಕೈಗೆ ಸಿಕ್ಕ ರೋಗಿಗಳೆಲ್ಲ ಎದ್ದು ಓಡಾಡಲಿ.

ಇಂತಿ ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಅಪ್ಪ ಬಂದರು, ಅವಸರದಲ್ಲಿ ಬರೆಯುತ್ತಿದ್ದೇನೆ. ಅರ್ಧ ಒಗೆದ ಬಟ್ಟೆಯನ್ನು ಹಾಗೇ ಬಿಟ್ಟು ಎಲ್ಲ ಯಂತ್ರ ನಿಲ್ಲಿಸಿ ಒಳಗೆ ಬಂದು ನನ್ನ ಎದುರು ಕೂತರು. "ಎಡಗಿವಿ ಹೋಗಿದೆ. ಬಲಗಿವಿ ಅರ್ಧ ಇದೆ. ನಿಂಗೆ ಗೊತ್ತು ಅಂತ ನಂಗೊತ್ತು. ಆದ್ರೂ ನಾನೇ ಹೇಳ್ಬೇಕು ಅನ್ನಿಸ್ತು" ಅಂದರು. ಆಶ್ಚರ್ಯಪಟ್ಟ ಮುಖವೊಂದನ್ನು ತಯಾರು ಮಾಡಿ ಇಟ್ಟುಕೊಂಡಿದ್ದೆ, ಅದು ಬರಲಿಲ್ಲ, ಅಳು ಬಂತು. ಶುಕ್ರವಾರ ಕಿವಿ ಡಾಕ್ಟರ ಹತ್ತಿರ ಇಬ್ಬರೂ ಹೋಗುತ್ತೇವೆ. "ಈಗ ಗೊತ್ತಾಯ್ತು" ಅಂದೆ. "ಏನಂದೆ?" ಅಂದರು. ಎದ್ದು ಅವರ ಬಲಕ್ಕೆ ಹೋಗಿ ಕೂತು ಇನ್ನೊಮ್ಮೆ ಹೇಳಿದೆ.